ತಾರೀಖು ಮುಗಿದ ಸ್ಟ್ರಾಂಗು ನಮ್ಮ ಓಣಿಗೇ ಯಾಕ ಬರತೈತಿ?



ಸ್ಟ್ರಾಂಗ್ ಬೀರು ಹಳೇದಾದರೆ ಕುಡಿಯಬಹುದೋ, ಬಾರದೋ? ಎರಡು ವಾರದಿಂದ ಈ ಪ್ರಶ್ನೆ ನನ್ನ ಬೆನ್ನು ಹತ್ತಿದೆ. ಕೇಳಿದವರು ನಮ್ಮ ಗರಗದ ಓಣಿಯ ಹುಡುಗರು. ನಾನು ಕುಡಿಯೋದಿಲ್ಲ ಅಂತ ಅವರಿಗೂ ಗೊತ್ತು. ಆದರೂ ಆಫೀಸಿನಾಗ ದಿನಾ ಫೈಲು ಓದೋ ಮನುಷ್ಯ, ಲೇಬಲ್ ಮ್ಯಾಲಿನ ಸಣ್ಣ ಅಕ್ಷರ ಓದಿ ಹೇಳ್ತಾನ ಅಂತ ಕೇಳಿದರು. ಓದಿದೆ. ಓದಿದ ಮೇಲೆ ಸುಮ್ಮನಿರಾಕ ಆಗಲಿಲ್ಲ. ಪೋಸ್ಟು ಉದ್ದ ಐತಿ, ಪುರುಸೊತ್ತು ಇದ್ದವರು ಓದ್ರಿ.

ಉತ್ತರ ಮೊದಲೇ ಹೇಳಿಬಿಡ್ತೇನಿ. ನಮ್ಮಲ್ಲಿ ಮಾರೋ ಸ್ಟ್ರಾಂಗ್ ಬೀರು ಹಳೇದಾದರೆ ವಿಷ ಆಗೋದಿಲ್ಲ. ಆದರೆ ದುಡಿದ ರೊಕ್ಕ ಕೊಟ್ಟು ತಗೊಳ್ಳುವ ಲಾಯಕ್ಕೂ ಉಳಿಯೋದಿಲ್ಲ. ಅರ್ಧ ರೇಟಿಗೆ ಕೊಟ್ಟರೂ ತಗೋಬ್ಯಾಡ್ರಿ. ಇದಕ್ಕೆ ನಾಲಿಗೆಯ ಕಾರಣ ಒಂದು, ಮರ್ಯಾದೆಯ ಕಾರಣ ಇನ್ನೊಂದು. ನನಗೆ ಎರಡನೇದೇ ದೊಡ್ಡದು.

ನಡೆದದ್ದು ಇಷ್ಟು. ನಮ್ಮ ಓಣಿಯ ಒಬ್ಬ ಗೌಂಡಿ ಕೆಲಸದ ಹುಡುಗ ಸ್ವಂತ ದುಡಿಮೆಯಿಂದ ಎರಡು ಖೋಲಿಯ ಮನಿ ಕಟ್ಟಿದ. ವಾಸ್ತುಶಾಂತಿ ಮಾಡಿ ಊಟ ಹಾಕಿಸಿದ. ಜೋಡಿ ಕೆಲಸ ಮಾಡೋ ಹುಡುಗರಿಗೆ ಅಂತ ಎರಡು ಬಾಕ್ಸ್ ಸ್ಟ್ರಾಂಗ್ ತಂದ. 24 ಬಾಟ್ಲಿ. ಅಂಗಡಿಯವ ಬಾಟ್ಲಿಗೆ ಇಪ್ಪತ್ತು ರೂಪಾಯಿ ಕಡಿಮಿ ಮಾಡಿ ಕೊಟ್ಟಿದ್ದ. ಬಿಲ್ಲಿಲ್ಲ. ಏಳು ಬಾಟ್ಲಿ ಖಾಲಿ ಆಗೋ ಹೊತ್ತಿಗೆ ಒಬ್ಬ ಮುಖ ಕಿವುಚಿ, "ಏನಪಾ ಇದು, ತೊಯ್ದ ರಟ್ಟು ಅಗದಂಗ ಆಗತೈತಿ" ಅಂದ. ಇನ್ನೊಬ್ಬ, "ಸ್ಟ್ರಾಂಗ್ ಹಂಗ ಇರತೈತಿ, ಕುಡಿ" ಅಂದ. ಆಮೇಲೆ ಬಾಟ್ಲಿ ನನ್ನ ಕೈಗೆ ಬಂತು. "ಕಾಕಾ, ಇದರಾಗ ಏನ ಬರದಾರ ನೋಡ್ರಿ." ತಯಾರಾದ ದಿನದಿಂದ ಆರು ತಿಂಗಳೊಳಗೆ ಉಪಯೋಗಿಸಿ ಅಂತ ಬರೆದಿತ್ತು. ತಯಾರಾಗಿ ಹತ್ತು ತಿಂಗಳ ಮೇಲಾಗಿತ್ತು.

ಮರುದಿನ ನಾವು ನಾಲ್ಕು ಜನ ಆ ಅಂಗಡಿಗೆ ಹೋದೆವು. ಗಲ್ಲೆಯ ಮೇಲೆ ಕೂತವನ ಮೊದಲ ಮಾತು, "ಬಿಲ್ ಎಲ್ಲೈತಿ?" ಎರಡನೇ ಮಾತು, "ಸ್ಟ್ರಾಂಗ್ ಐತ್ರಿ ಅದು, ಹಳೇದಾದಷ್ಟ ಪವರ್ ಬರತೈತಿ." ಮೂರನೇದು ನನಗೆ ನಾಟಿದ್ದು: "ನಿಮ್ಮ ಮಂದಿ ಯಾವತ್ತೂ ತಾರೀಖು ನೋಡಿಲ್ಲ ಬಿಡ್ರಿ, ಇವತ್ತ ಏನ ಹೊಸಾದು?" ಒಂದು ತಾಸು ನಿಂತ ಮೇಲೆ ಒಡೆಯದ ಹದಿನೇಳು ಬಾಟ್ಲಿಯ ರೊಕ್ಕ ವಾಪಸ್ ಕೊಟ್ಟ. ಬದಲಿ ಬಾಟ್ಲಿ ಕೊಡ್ತೇನಿ ಅಂದದ್ದಕ್ಕೆ ನಾವು ಒಪ್ಪಲಿಲ್ಲ. ಕುಡಿದ ಏಳರ ರೊಕ್ಕ ಕೊಡಲಿಲ್ಲ.

ಅಂಗಡಿಯ ಹೆಸರು ಇಲ್ಲಿ ಬರೆಯೋದಿಲ್ಲ. ಕಮೆಂಟಿನಾಗ ಕೇಳಬ್ಯಾಡ್ರಿ. ಅವನೊಬ್ಬನೇ ಮಾಡಿದ ಕೆಲಸ ಇದಾಗಿದ್ದರೆ ನಾನು ಇಷ್ಟುದ್ದ ಬರೀತಿರಲಿಲ್ಲ.

ಈಗ "ಹಳೇದಾದಷ್ಟ ಪವರ್" ಅನ್ನೋ ಮಾತಿಗೆ ಬರೋಣ. ಯಾಕಂದ್ರ ನಮ್ಮ ಡಿಗ್ರಿ ಓದಿದ ಹುಡುಗನೇ ಒಬ್ಬ ಮೊಬೈಲ್ ತೋರಿಸಿ, "ಕಾಕಾ, ಫಾರಿನ್ನಿನಾಗ ಇಪ್ಪತ್ತೈದು ವರ್ಷದ ಸ್ಟ್ರಾಂಗ್ ಬೀರಿಗೆ ಸಾವಿರಗಟ್ಟಲೆ ಕೊಡ್ತಾರ ನೋಡ್ರಿ, ನಾವ್ಯಾಕ ಹತ್ತು ತಿಂಗಳದ್ದಕ್ಕ ಜಗಳಾ ಮಾಡೂದು?" ಅಂತ ಕೇಳಿದ. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಹುಡುಕಿ ಓದಬೇಕಾಯಿತು.

ಅವನು ತೋರಿಸಿದ್ದು ಸುಳ್ಳಲ್ಲ. ಇಂಗ್ಲೆಂಡಿನ ಡಾರ್ಚೆಸ್ಟರ್ ಊರಿನಾಗ 1968ರಲ್ಲಿ ಕಾದಂಬರಿಕಾರ ಥಾಮಸ್ ಹಾರ್ಡಿಯ ನೆನಪಿಗೆ ಒಂದು ಬೀರು ಮಾಡಿದರು. ಹಾರ್ಡಿಯ ಹೆಸರನ್ನೇ ಇಟ್ಟರು. ಅದರಲ್ಲಿ ಸುಮಾರು 12 ಪರ್ಸೆಂಟ್ ಆಲ್ಕೋಹಾಲ್. 25 ವರ್ಷ ಇಟ್ಟರೂ ಮಾಗುತ್ತದೆ ಅಂತ ಮಾಡಿದವರೇ ಹೇಳಿಕೊಂಡರು. ಬೆಲ್ಜಿಯಂ ದೇಶದ ಶಿಮೇ ಮಠದ ಸನ್ಯಾಸಿಗಳು ನೀಲಿ ಲೇಬಲ್ಲಿನ ಬೀರು ಮಾಡ್ತಾರೆ, 9 ಪರ್ಸೆಂಟ್. ಅದರ ಮೇಲೆ ಯಾವ ವರ್ಷದ್ದು ಅಂತ ಹೆಮ್ಮೆಯಿಂದ ಅಚ್ಚು ಹಾಕ್ತಾರೆ. (ಮಠದಾಗ ಬೀರು ಮಾಡ್ತಾರೇನು ಅಂತ ಹುಬ್ಬು ಏರಿಸಬ್ಯಾಡ್ರಿ. ಯುರೋಪಿನಾಗ ಅದು ನೂರಾರು ವರ್ಷದ ಪದ್ಧತಿ.) ಈ ಬೀರುಗಳ ಬಾಟ್ಲಿಯೊಳಗೆ ಯೀಸ್ಟು ಜೀವಂತ ಇರುತ್ತದೆ. ಮುಚ್ಚಳ ಹಾಕಿದ ಮೇಲೂ ಅದು ಒಳಗೆ ನಿಧಾನವಾಗಿ ಕೆಲಸ ಮಾಡ್ತದೆ, ಒಳಗೆ ಸೇರಿದ ಅಷ್ಟಿಷ್ಟು ಗಾಳಿಯನ್ನೂ ತಿಂದು ಹಾಕ್ತದೆ. ಮಾಲ್ಟು ಕಡು, ಆಲ್ಕೋಹಾಲ್ ಜಾಸ್ತಿ. ಇಡೋದು ತಂಪು ನೆಲಮಾಳಿಗೆಯಾಗ, ಕತ್ತಲಿನಾಗ. ಅಷ್ಟಾದ್ರೂ ಅಲ್ಲಿ ಎಲ್ಲಾ ಬಾಟ್ಲಿ ಚಲೋ ಮಾಗತಾವ ಅಂತೇನೂ ಇಲ್ಲ.

ನಮ್ಮ ಸ್ಟ್ರಾಂಗಿನ ಜಾತಿನೇ ಬ್ಯಾರೆ. (ಈ ಪದ ಬಳಸಾಕ ನನಗೇ ನಗು ಬಂತು.) ಇದರಾಗ 5 ರಿಂದ 8 ಪರ್ಸೆಂಟ್. ಮಾಲ್ಟಿನ ಜೋಡಿ ಅಕ್ಕಿ, ಗೋವಿನಜೋಳ, ಸಕ್ಕರಿ ಪಾಕ ಸೇರಿಸೋದುಂಟು. ಸೋಸಿ ಯೀಸ್ಟು ತೆಗೆದು, ಬಾಟ್ಲಿ ತುಂಬಿದ ಮೇಲೆ ಸುಮಾರು 60 ಡಿಗ್ರಿ ಬಿಸಿ ಕೊಟ್ಟು, ಉಳಿದ ಜೀವಾಣುಗಳನ್ನೂ ಕೊಂದು ಕಳಿಸ್ತಾರೆ. ಮಾಗಿಸುವ ಜೀವ ಒಳಗೆ ಯಾವುದೂ ಉಳಿದಿರೋದಿಲ್ಲ. ತಣ್ಣಗ ಮಾಡಿ ಲಗೂನ ಕುಡಿದು ಮುಗಿಸಲಿ ಅಂತನ ಮಾಡಿದ ಮಾಲು ಅದು. ನಮ್ಮವ್ವ ಹಾಕಿದ ಮಾವಿನಕಾಯಿ ಉಪ್ಪಿನಕಾಯಿ ವರ್ಷ ಕಳೆದರೆ ರುಚಿ ಏರತೈತಿ. ಹಾಗಂತ ಮಜ್ಜಿಗಿಯನ್ನ ಗಡಿಗ್ಯಾಗ ತುಂಬಿ ವರ್ಷ ಇಡ್ತೀವೇನು?

ಹಳೇದಾದಾಗ ಏನಾಗ್ತದೆ ಅಂದ್ರ, ಮುಚ್ಚಳದ ಕೆಳಗೆ ಉಳಿದ ಚೂರು ಗಾಳಿ ಬೀರಿನ ಜೋಡಿ ಸೇರಿ ಅದನ್ನ ಕಮಟು ಮಾಡ್ತದೆ. ಹಳೇ ಶೇಂಗಾ ಡಬ್ಬಿ ತೆಗೆದಾಗ ಮೂಗಿಗೆ ಬಡಿಯೋ ವಾಸನಿ ನೆನಪು ಮಾಡ್ಕೊಳ್ರಿ, ಅದೂ ಗಾಳಿಯದೇ ಕೆಲಸ. ಬೀರಿನಾಗ ಅದು ಒದ್ದೆ ಕಾಗದ, ತೊಯ್ದ ರಟ್ಟಿನ ರುಚಿಯಾಗಿ ಬರ್ತದೆ. ನಮ್ಮ ಹುಡುಗ ಒಂದು ಪುಸ್ತಕ ಓದದೇ ನಾಲಿಗೆಯಿಂದ ಹೇಳಿದ ಮಾತನ್ನೇ ಬೀರಿನ ವಿಜ್ಞಾನದವರೂ ಹೇಳ್ತಾರೆ. ಕಹಿ ಇಳೀತದೆ, ಕೆಟ್ಟ ಸಿಹಿ ಮೇಲೆ ಬರ್ತದೆ, ತಳದಾಗ ಗಸಿ ಕೂರ್ತದೆ. ಬಿಸಿಲು ಬಿದ್ದರಂತೂ ಹಾಪ್ಸ್ ಅನ್ನೋ ಕಹಿ ಹೂವಿನ ಸತ್ವ ಕೆಟ್ಟು ನಾರ್ತದೆ. ಕಂದು ಬಾಟ್ಲಿ ಬೆಳಕನ್ನ ಬಹಳಷ್ಟು ತಡೀತದೆ, ಹಸಿರು ಬಾಟ್ಲಿ ಅಷ್ಟು ತಡೆಯೋದಿಲ್ಲ. ಇನ್ನ ಶಾಖ. ಹತ್ತು ಡಿಗ್ರಿ ಏರಿದರೆ ಕೆಡೋ ವೇಗ ಹೆಚ್ಚು ಕಡಿಮೆ ಇಮ್ಮಡಿ ಅಂತ ಲೆಕ್ಕ. ಏಪ್ರಿಲ್ ತಿಂಗಳು ತಗಡಿನ ಶೆಡ್ಡಿನಾಗ ಪೇರಿಸಿಟ್ಟ ಬಾಕ್ಸಿಗೆ ಆರು ತಿಂಗಳ ಗಡುವೂ ಉದ್ದ ಆತು.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ತಾರೀಖು ಮುಗಿದ ಬೀರು ಕುಡಿದರೆ ಸಾಯ್ತಾರೆ, ಕಣ್ಣು ಹೋಗ್ತಾವೆ ಅಂತ ಕೆಲವರು ವಾಟ್ಸಾಪಿನಾಗ ಹರಿಬಿಟ್ಟಿದ್ದಾರೆ. ಅದು ಸುಳ್ಳು. ಕಣ್ಣು ಕಳೆಯೋದು ಕಳ್ಳಭಟ್ಟಿಯಾಗ ಬೆರೆಸೋ ಮಿಥೈಲ್ ಆಲ್ಕೋಹಾಲ್. ಮುಚ್ಚಳ ಗಟ್ಟಿ ಇರೋ ಹಳೇ ಬೀರಿನಾಗ ರೋಗ ತರೋ ಕ್ರಿಮಿ ಬೆಳೆಯೋದು ಕಷ್ಟ, ಹುಳಿ ಮತ್ತು ಆಲ್ಕೋಹಾಲ್ ಬಿಡೋದಿಲ್ಲ. ನಮ್ಮ ಕಡೆ ನ್ಯಾಯ ಇದ್ದಾಗ ಸುಳ್ಳು ಸೇರಿಸುವ ಅಗತ್ಯ ಇಲ್ಲ. ಸುಳ್ಳು ಸೇರಿಸಿದರೆ ಗಲ್ಲೆಯ ಮೇಲೆ ಕೂತವನಿಗೇ ಅನುಕೂಲ.

ಪವರಿನ ಮಾತೂ ಸುಳ್ಳೇ. ಮುಚ್ಚಿದ ಬಾಟ್ಲಿಯಾಗ 8 ಪರ್ಸೆಂಟ್ ಹತ್ತು ತಿಂಗಳಿಗೆ 10 ಆಗೋದಿಲ್ಲ. 8 ಇದ್ದದ್ದು 8. ವಿಸ್ಕಿ ಹಳೇದಾದಷ್ಟು ಚಲೋ ಅಂತಾರಲ್ಲ, ಅದು ಕಟ್ಟಿಗೆಯ ಪೀಪಾಯಿಯೊಳಗೆ ಇದ್ದಾಗಿನ ಮಾತು. ಬಾಟ್ಲಿಗೆ ಇಳಿದ ಮೇಲೆ ವಿಸ್ಕಿಯೂ ಮಾಗೋದಿಲ್ಲ.

ಪವರು ಇರೋದೇ ಬ್ಯಾರೆ ಕಡೆ, ಅದನ್ನ ಯಾರೂ ನಮ್ಮ ಹುಡುಗರಿಗೆ ಲೆಕ್ಕ ಮಾಡಿ ಹೇಳೋದಿಲ್ಲ. 650 ಎಂ.ಎಲ್. ಬಾಟ್ಲಿಯಾಗ 8 ಪರ್ಸೆಂಟ್ ಅಂದ್ರ 52 ಎಂ.ಎಲ್. ಆಲ್ಕೋಹಾಲ್. ವಿಸ್ಕಿಯಾಗ 42.8 ಪರ್ಸೆಂಟ್, ಎರಡು ದೊಡ್ಡ ಪೆಗ್ಗು ಅಂದ್ರ 120 ಎಂ.ಎಲ್., ಅದರಾಗ ಬರೋದು ಸುಮಾರು 51. "ನಾ ದಾರೂ ಮುಟ್ಟಂಗಿಲ್ರೀ ಕಾಕಾ, ಬರೇ ಒಂದು ಬೀರು" ಅಂತ ಹೇಳೋ ಹುಡುಗ ಎರಡು ದೊಡ್ಡ ಪೆಗ್ಗು ವಿಸ್ಕಿ ಕುಡಿದೇ ಬಂದಿರ್ತಾನೆ. ಎರಡು ಬಾಟ್ಲಿ ಆದರೆ ನಾಲ್ಕು ಪೆಗ್ಗು. ಲಿವರಿಗೆ ಹಳೇ ಸ್ಟ್ರಾಂಗು, ಹೊಸಾ ಸ್ಟ್ರಾಂಗು ಅಂತ ಭೇದ ಗೊತ್ತಿಲ್ಲ.

ಇಷ್ಟು ನಾಲಿಗೆಯ ಮಾತಾಯಿತು.

ಈಗ ನನ್ನ ಮುಖ್ಯ ತಕರಾರು. ಇದೇ ಬಾಕ್ಸು ಧಾರವಾಡದ ದೊಡ್ಡ ಹೋಟೆಲಿನ ಟೇಬಲ್ಲಿಗೆ ಹೋಗ್ತಿತ್ತೇನು? ಹೋಗೋದಿಲ್ಲ. ಅಲ್ಲಿ ಕೂತವರು ತಾರೀಖು ನೋಡ್ತಾರೆ, ಮ್ಯಾನೇಜರನ್ನ ಕರೀತಾರೆ. ಗಡುವು ಮುಗಿದ ಮಾಲು ಎಲ್ಲಿ ಕೇಳೋರಿಲ್ಲವೋ ಅಲ್ಲಿಗೆ ಇಳೀತದೆ. ಗೌಂಡಿ, ಹಮಾಲಿ, ಕಬ್ಬು ಕಡಿಯೋರು, ಪೌರಕಾರ್ಮಿಕರು, ಸಂಜಿ ಕೂಲಿ ರೊಕ್ಕ ಕೈಯಾಗ ಹಿಡಕೊಂಡು ಕೌಂಟರಿನ ಸಂದಿಯಿಂದ ಕೈ ಚಾಚೋರು. ಅವರಾಗ ನಮ್ಮವರು ಎಷ್ಟು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಅಜ್ಜಿಯ ಕಾಲದಾಗ ದೊಡ್ಡವರ ಮನಿಯ ಹಿತ್ತಲಕ್ಕೆ ಹೋಗಿ ನಿಂತರೆ ತಂಗಳ ರೊಟ್ಟಿ, ಹಳಸಿದ ಅನ್ನ ಮೇಲಿಂದ ಬುಟ್ಟಿಗೆ ಬೀಳ್ತಿತ್ತು. ಹಬ್ಬದ ಹೋಳಿಗಿಯೂ ಮೂರನೇ ದಿನಕ್ಕೆ ನಮ್ಮ ಓಣಿಗೆ ಬರ್ತಿತ್ತು. 1927ರ ಮಾರ್ಚಿನಾಗ ಮಹಾಡದ ಪರಿಷತ್ತಿನಲ್ಲಿ ಬಾಬಾಸಾಹೇಬರು ನಮ್ಮ ಜನಕ್ಕೆ ಕರೆ ಕೊಟ್ಟದ್ದು ಕೆರೆಯ ನೀರಿನ ಬಗ್ಗೆ ಮಾತ್ರ ಅಲ್ಲ. ಸತ್ತ ದನದ ಮಾಂಸ ಬಿಡ್ರಿ, ಅವರು ಬಿಸಾಕಿದ ಎಂಜಲು ತಿನ್ನೋದು ಬಿಡ್ರಿ ಅಂತಲೂ ಹೇಳಿದ್ದರು. ತಂಗಳ ರೊಟ್ಟಿ ಪುಕ್ಕಟೆ ಸಿಗ್ತಿತ್ತು. ಈ ತಂಗಳ ಬೀರಿಗೆ ನಾವು ರೊಕ್ಕ ಕೊಡ್ತೀವಿ. ಅದರಾಗ ಸರಕಾರದ ತೆರಿಗೆಯೂ ಪೂರ್ತಿ ಸೇರಿರ್ತದೆ.

ತೆರಿಗೆ ಅಂದಮೇಲೆ ಅದನ್ನೂ ಹೇಳಬೇಕು. 2025ರ ಜನವರಿಯಲ್ಲಿ ಬೀರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನ 185 ರಿಂದ 195 ಪರ್ಸೆಂಟಿಗೆ ಏರಿಸಿದರು. 2025-26ರ ಬಜೆಟ್ಟಿನಾಗ ಅಬಕಾರಿ ಗುರಿ 40,000 ಕೋಟಿ. 2007ರ ಜುಲೈ 1ಕ್ಕೆ ಸಾರಾಯಿ ನಿಷೇಧ ಆದಾಗ ನಮ್ಮ ಓಣಿಯ ಹೆಣ್ಮಕ್ಕಳು ಇನ್ನ ಮನಿ ಉಳೀತು ಅಂದುಕೊಂಡಿದ್ದರು. ಪಾಕೀಟು ಹೋಗಿ ಬಾಟ್ಲಿ ಬಂತು ಅಷ್ಟೇ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಮಕ್ಕಳು ಮದ್ಯ ನಿಷೇಧ ಮಾಡ್ರಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಅದಾದ ಮೇಲೆ ಗುರಿ ಇಳಿದದ್ದು ನಾನಂತೂ ನೋಡಿಲ್ಲ.

ಸರಕಾರಕ್ಕೆ ತಾರೀಖಿನ ಬೆಲೆ ಗೊತ್ತಿಲ್ಲ ಅಂತ ತಿಳೀಬ್ಯಾಡ್ರಿ. 2020ರ ಲಾಕ್‌ಡೌನಿನಾಗ ಮೇ 4ಕ್ಕೆ ಮದ್ಯದಂಗಡಿ ತೆರೆದರು. ಮೇ 9ರಿಂದ ಬಾರು, ಕ್ಲಬ್ಬುಗಳಿಗೂ ಇದ್ದ ದಾಸ್ತಾನು ಪಾರ್ಸಲ್ ಮಾರಾಕ ಪರವಾನಗಿ ಸಿಕ್ಕಿತು. ಆಗ ನಮ್ಮ ಕಟ್ಟಡ ಕಾರ್ಮಿಕರು ರೇಷನ್ ಕಿಟ್ಟಿಗೆ ಸರದಿ ನಿಂತಿದ್ದರು. ಬೀರು ಕೆಟ್ಟೀತು ಅನ್ನೋ ಚಿಂತೆಗೆ ಮಾತ್ರ ಆದೇಶ ಲಗೂ ಬಂತು. 2023ರ ಆಗಸ್ಟಿನಾಗ ನಂಜನಗೂಡಿನ ಘಟಕದ ಕಿಂಗ್‌ಫಿಷರ್ ಸ್ಟ್ರಾಂಗ್ ಮತ್ತು ಅಲ್ಟ್ರಾ ಬೀರಿನ ಕೆಲವು ಬ್ಯಾಚಿನಲ್ಲಿ ಗಸಿ ಕಂಡಿದೆ ಅಂತ ಹೇಳಿ ಅಬಕಾರಿ ಇಲಾಖೆ ಸುಮಾರು 25 ಕೋಟಿಯ ಮಾಲು ತಡೆಹಿಡಿಯಿತು. ತುಂಬಿ ಒಂದು ತಿಂಗಳಷ್ಟೇ ಆಗಿದ್ದ ಮಾಲು ಅದು. ಅಂದ್ರ ಮನಸ್ಸು ಮಾಡಿದರೆ ಹಿಡಿಯಾಕ ಆಗ್ತದೆ. ತಿಂಗಳದ ಬೀರು ಹಿಡಿಯೋ ಇಲಾಖೆಗೆ ಹತ್ತು ತಿಂಗಳದ್ದು ಹಳ್ಳಿಯ ರ‍್ಯಾಕಿನಾಗ ಕೂತದ್ದು ಯಾಕೆ ಕಾಣಬಾರದು?

ಗರಗದವರಿಗೆ ಗುಣಮಟ್ಟ ಅಂದ್ರ ಏನಂತ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವ ಊರು ನಮ್ಮದು, 1954ರಿಂದ ಇಲ್ಲಿ ಖಾದಿ ಸಂಘ ಐತಿ. ಎಳೆಯ ಲೆಕ್ಕ, ತೂಕ, ಬಣ್ಣ ಎಲ್ಲಾದಕ್ಕೂ ಅಳತಿ ಇದೆ, ತಪ್ಪಿದರೆ ಬಟ್ಟೆ ಪಾಸ್ ಆಗೋದಿಲ್ಲ. ಮಗ್ಗದ ಮುಂದೆ ಕೂತ ನಮ್ಮ ಅಕ್ಕಂದಿರು ಒಂದು ಎಳೆ ಹರಿದರೆ ನಿಲ್ಲಿಸಿ ಗಂಟು ಹಾಕಿ ಮುಂದುವರೀತಾರೆ. ಇಂಥಾ ಊರಿನವರ ಕೈಗೆ ತಾರೀಖು ಮುಗಿದ ಬಾಟ್ಲಿ ಕೊಟ್ಟು, ನಿಮ್ಮ ಮಂದಿ ನೋಡೋದಿಲ್ಲ ಅಂತಾರೆ.

ಈ ವಿಷಯ ನಮ್ಮ ಸಭೆಯಲ್ಲಿ ಎತ್ತಿದಾಗ ಹಿರಿಯ ಸಂಗಾತಿಯೊಬ್ಬರು ಸಿಟ್ಟಾದರು. "ಏನ್ರೀ, ಕುಡಿಯೋರಿಗೆ ತಾಜಾ ಬೀರು ಕೊಡಸೋ ಚಳವಳಿ ಶುರು ಮಾಡೀರೇನು? ಬಾಬಾಸಾಹೇಬರ 22 ಪ್ರತಿಜ್ಞೆ ಮರತ್ರೇನು?" ಮರೆತಿಲ್ಲ. ಮದ್ಯ ಸೇವಿಸೋದಿಲ್ಲ ಅನ್ನೋದು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ ಆ ಪ್ರತಿಜ್ಞೆಗಳಲ್ಲಿ ಒಂದು. ಅದಕ್ಕೇ ನಾನು ಕುಡಿಯೋದಿಲ್ಲ. ದಲಿತ ಸಂಘರ್ಷ ಸಮಿತಿಯವರು ಹೆಂಡ ಬ್ಯಾಡ, ಸಾಲಿ ಬೇಕು ಅಂತ ಬೀದಿಗೆ ಇಳಿದ ಕಾಲದಿಂದ ನಮ್ಮ ದಾರಿ ಅದೇ. ಧಾರವಾಡದಾಗ ನಮ್ಮ ಹುಡುಗರಿಗೆ ವಸತಿನಿಲಯ ತೆರೆಸಿದ ಮಹಾನುಭಾವ ನಮ್ಮ ಹುಡುಗರು ಬಾರಿನ ಮುಂದೆ ಸರದಿ ನಿಲ್ಲಲಿ ಅಂತ ತೆರೆಸಲಿಲ್ಲ.

ಆದರೆ ನಾನು ಆ ಹಿರಿಯರಿಗೆ ಕೇಳಿದ್ದು ಇಷ್ಟೇ: ಬೀಡಿ ಸೇದೋ ಮುದುಕನಿಗೆ ದವಾಖಾನಿಯಾಗ ತಾರೀಖು ಮುಗಿದ ಗುಳಿಗಿ ಕೊಟ್ರ, ಮೊದಲು ಬೀಡಿ ಬಿಡು ಆಮ್ಯಾಲೆ ಕೇಳೋಣ ಅಂತೀವೇನ್ರಿ? ಕುಡಿತ ಬಿಡಸೋದು ನಮ್ಮ ಮನಿಯ ಕೆಲಸ. ಅದನ್ನ ನಾನು ಹುಡುಗರ ಜೋಡಿ ಕೂತು ಜಗಳಾ ಮಾಡಿ ಮಾಡ್ತೇನಿ. ಅವನು ಕುಡೀತಾನೆ ಅನ್ನೋದು ಅವನನ್ನ ಮೋಸ ಮಾಡಾಕ ಅಂಗಡಿಯವನಿಗೆ ಸಿಕ್ಕ ಲೈಸೆನ್ಸ್ ಅಲ್ಲ. ಕುಡುಕ ಅಂದಕೂಡಲೇ ಅವನಿಗೆ ಇರೋ ಹಕ್ಕೆಲ್ಲಾ ಹೋಯಿತು ಅಂತ ನಾವೂ ಒಪ್ಪಿಬಿಟ್ಟರೆ, ಗಲ್ಲೆಯ ಮೇಲೆ ಕೂತವನಿಗೂ ನಮಗೂ ಏನು ಫರಕು? ಹಿರಿಯರು ಪೂರ್ತಿ ಒಪ್ಪಲಿಲ್ಲ. "ನೋಡೋಣು" ಅಂದರು. ಅವರ ಮಟ್ಟಿಗೆ ಅದೂ ಕಡಿಮಿ ಅಲ್ಲ.

ಅಚ್ಚರಿ ಅಂದ್ರ ನಮ್ಮ ಓಣಿಯ ಅವ್ವಂದಿರು ನನ್ನ ಪರ ಮಾತಾಡಿದರು. ಒಬ್ಬಾಕಿ, "ತಮ್ಮಾ, ತಾರೀಖು ನೋಡೂದು ರೂಢಿ ಆದ್ರ, ಬಾಟ್ಲಿ ಮ್ಯಾಲೆ ಆರೋಗ್ಯಕ್ಕ ಹಾನಿಕರ ಅಂತ ಬರದದ್ದೂ ಕಣ್ಣಿಗೆ ಬೀಳತೈತಿ" ಅಂದಳು. ನಕ್ಕೆವು. ಆಕೆ ನಗಲಿಲ್ಲ.

ಇನ್ನು ಮಾಡಬೇಕಾದ್ದು. ಕಾನೂನಿನ ಪ್ರಕಾರ ಮದ್ಯವೂ ಆಹಾರವೇ, 2006ರ ಆಹಾರ ಸುರಕ್ಷತಾ ಕಾಯಿದೆಯ ವ್ಯಾಖ್ಯೆಯೊಳಗೆ ಬರ್ತದೆ. ಕೊಂಡವನು ಗ್ರಾಹಕ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅವನಿಗೂ ಐತಿ. ಬಿಲ್ಲು ಕೇಳ್ರಿ. ಕೊಡೋದಿಲ್ಲ ಅಂದ್ರ ಅಂಗಡಿ ಮುಂದೆ ನಿಂತೇ ಲೇಬಲ್ಲಿನ ತಾರೀಖು, ಬ್ಯಾಚ್ ನಂಬರು, ಬೆಲೆ ಕಾಣೋ ಹಾಗೆ ಫೋಟೋ ಹೊಡೀರಿ, ಯು.ಪಿ.ಐ.ನಿಂದಲೇ ರೊಕ್ಕ ಕೊಡ್ರಿ, ಅದು ದಾಖಲೆ ಆಗ್ತದೆ. ಗಸಿ ಕಂಡರೆ ಮುಚ್ಚಳ ತೆಗೀಬ್ಯಾಡ್ರಿ. ಗ್ರಾಹಕ ಸಹಾಯವಾಣಿಯ ನಂಬರು 1915. (ಯುನೈಟೆಡ್ ಬ್ರೂವರೀಸ್ ಹುಟ್ಟಿದ ವರ್ಷವೂ 1915. ನೆನಪಿಡಾಕ ಸುಲಭ.) ಇಪ್ಪತ್ತು ರೂಪಾಯಿ ಕಡಿಮಿಗೆ ಕೊಟ್ಟರೆ ಖುಷಿ ಪಡೋ ಮೊದಲು ಬಾಟ್ಲಿ ತಿರುಗಿಸಿ ನೋಡ್ರಿ. ಹೊಸಾ ಮಾಲನ್ನ ಯಾರೂ ಕಡಿಮಿಗೆ ಕೊಡೋದಿಲ್ಲ.

ಅಬಕಾರಿ ಇಲಾಖೆಗೆ ಕೊಡಾಕ ಅರ್ಜಿ ಬರೆದಿಟ್ಟೇನಿ. ಮೂರು ಬೇಡಿಕೆ ಇವೆ: ಹಳ್ಳಿಯ ಅಂಗಡಿಗಳಲ್ಲಿ ಪ್ರತಿ ತಿಂಗಳು ದಾಸ್ತಾನಿನ ತಾರೀಖು ತಪಾಸಣೆ, ಕಡ್ಡಾಯ ಬಿಲ್ಲು, ಗಡುವು ಮುಗಿದ ಮಾಲನ್ನ ಜನರ ಎದುರಿಗೇ ನಾಶ ಮಾಡೋದು. ಆ ಏಳು ಬಾಟ್ಲಿಯ ರೊಕ್ಕದ ವಿಷಯವನ್ನೂ ಕೊನೆಗೆ ಸೇರಿಸೇನಿ, ಗೌಂಡಿ ಹುಡುಗ ಬ್ಯಾಡ ಬಿಡ್ರಿ ಕಾಕಾ ಅಂದರೂ. ರವಿವಾರ ಸಂಜಿ ಆರಕ್ಕೆ ಅಂಬೇಡ್ಕರ್ ಭವನದಾಗ ಸಹಿ ತಗೋತೀವಿ. ಕುಡಿಯೋರು, ಕುಡಿಯದವರು ಇಬ್ಬರೂ ಬರ್ರಿ. ಮನ್ಯಾಗ ಖಾಲಿ ಬಾಟ್ಲಿ ಬಿದ್ದಿದ್ದರೆ ಲೇಬಲ್ ಕಿತ್ತುಹಾಕದೆ ತರ್ರಿ, ತಾರೀಖು ಬರಕೋಬೇಕು.

ಜೈಭೀಮ್.